ಫ್ರೀಮೇಸನ್ ಅಪ್ಪನ ಆಣೆ

ನಮ್ಮಪ್ಪ ಚನ್ನಬಸಪ್ಪನ ಬೆರಳ ಸಂದಿಯ ಕೊಬ್ಬರಿ ಜಿಡ್ಡು ಯಾವತ್ತೂ ಪೂರ್ತಿ ಹೋದದ್ದಿಲ್ಲ. ಸೀಗೆಪುಡಿ ಹಾಕಿ ತಿಕ್ಕಿದರೂ ಉಗುರಿನ ಅಂಚು ಕಪ್ಪಗೇ ಇರುತ್ತಿತ್ತು. ಅಂಥ ಕೈಗೆ ಅವನು ತಿಂಗಳಿಗೊಂದು ಶನಿವಾರ ಬೆಳ್ಳನೆಯ ಕೈಗವಸು ತೊಡುತ್ತಿದ್ದ. ಮನೆಯಲ್ಲಲ್ಲ, ಬೆಂಗಳೂರಿಗೆ ಹೋಗಿ. ಮನೆಯಲ್ಲಿ ಅವನ್ನು ಮಡಿಸಿ ಕರಿಯ ಚಪ್ಪಟೆ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಕರಿ ಕೋಟು ತೊಟ್ಟು ತಿಪಟೂರು ಸ್ಟೇಷನ್ನಿಗೆ ನಡೆದುಬಿಡುತ್ತಿದ್ದ. ಎಲ್ಲಿಗೆ ಎಂದು ಕೇಳಿದರೆ ಮೀಟಿಂಗಿಗೆ ಎನ್ನುತ್ತಿದ್ದ. ಏನು ಮೀಟಿಂಗು ಎನ್ನುವಷ್ಟರಲ್ಲಿ ಹೊಸಿಲು ದಾಟಿರುತ್ತಿದ್ದ.

ಅಪ್ಪ ಫ್ರೀಮೇಸನ್ ಆಗಿದ್ದ. ಎಪ್ಪತ್ತರ ದಶಕದ ತಿಪಟೂರಿನಲ್ಲಿ ಆ ಹೆಸರು ಕೇಳಿದ್ದವರೇ ಕಡಿಮೆ. ನಮ್ಮ ಮಂಡಿಯಿಂದ ಕೊಬ್ಬರಿ ಕೊಳ್ಳುತ್ತಿದ್ದ ಬೆಂಗಳೂರಿನ ಎಣ್ಣೆ ಮಿಲ್ಲಿನ ಯಜಮಾನರು ಅವನನ್ನು ಆ ಸಂಘಕ್ಕೆ ಸೇರಿಸಿದ್ದರು. ಸಂಘದ ಶಾಖೆಗೆ ಲಾಡ್ಜ್ ಎನ್ನುತ್ತಾರಂತೆ. ಸೇರಿದ ಮೇಲೆ ಅಪ್ಪ ಬದಲಾದದ್ದು ನಿಜ. ಅದನ್ನು ಇಲ್ಲವೆಂದರೆ ನನ್ನ ನಾಲಿಗೆ ಸೇದಿಹೋಗಲಿ. ಮಾತೆತ್ತಿದರೆ ಹಮಾಲರ ಮೇಲೆ ಹಾರಾಡುತ್ತಿದ್ದವನು ತಣ್ಣಗಾದ. ತುರುವೇಕೆರೆ ಕಡೆಯ ರೈತರಿಗೆ ಕೊಬ್ಬರಿ ಇನ್ನೂ ಹಸಿ ಎಂದು ಸುಳ್ಳು ಹೇಳಿ ತೂಕ ಮುರಿಯುವುದನ್ನು ನಿಲ್ಲಿಸಿದ. ‘ಮನುಷ್ಯ ಅನ್ನೋನು ಒರಟು ಕಲ್ಲು ಕಣ್ಲಾ. ದಿನಾ ಒಂದೀಟು ಕೆತ್ಕೋಬೇಕು’ ಎಂದು ಗುಮಾಸ್ತನಿಗೆ ಹೇಳುತ್ತಿದ್ದ. ನನ್ನನ್ನು ಕಾಲೇಜಿಗೆ ಕಳಿಸಬಾರದು ಎಂದು ದೊಡ್ಡಪ್ಪ ಅಡ್ಡ ನಿಂತಾಗಲೂ ಅದೇ ರಾಗ: ‘ಅವಳನ್ನೂ ಕೆತ್ಕೊಳ್ಳಕ್ಕೆ ಬುಡಣ್ಣ.’ ಊರಿಗೆಲ್ಲ ಇಷ್ಟು ಹೇಳುತ್ತಿದ್ದವನು ಅಮ್ಮನಿಗೆ ಮಾತ್ರ ಏನೂ ಹೇಳಲಿಲ್ಲ. ನನ್ನ ಸಿಟ್ಟೆಲ್ಲ ಅಲ್ಲಿದೆ.

ಅಮ್ಮ ಗೌರಮ್ಮ ಚಿಕ್ಕನಾಯಕನಹಳ್ಳಿ ಕಡೆಯವಳು. ಲಿಂಗಪೂಜೆಯಾಗದೆ ಬಾಯಿಗೆ ನೀರು ಬಿಡುವವಳಲ್ಲ. ಒಂದು ಭಾನುವಾರ ಬೆಂಗಳೂರಿನಿಂದ ಬಂದ ಅಪ್ಪ, ಪೆಟ್ಟಿಗೆಗೆ ಬೀಗ ಹಾಕುವುದನ್ನು ಮರೆತು ಮಂಡಿಗೆ ಹೋದ. ಅಮ್ಮ ತೆಗೆದು ನೋಡಿದಳು. ಒಳಗೆ ನೀಲಿ ಅಂಚಿನ, ಸೊಂಟಕ್ಕೆ ಕಟ್ಟಿಕೊಳ್ಳುವ ಬಿಳಿಯ ಚೌಕವೊಂದಿತ್ತು. ಗಂಡ ಅಲ್ಲಿ ಪೂಜೆಗೆ ಕಟ್ಟಿಕೊಳ್ಳುವ ಮಡಿವಸ್ತ್ರ ಇರಬೇಕು, ಪಾಪ, ಒಗೆಯುವವರಿಲ್ಲದೆ ಮಾಸಿದೆ ಎಂದುಕೊಂಡು, ಸ್ನಾನದ ಹಂಡೆಯ ಕುದಿನೀರಿಗೆ ವಾಷಿಂಗ್ ಸೋಡ ಸುರಿದು ಅದ್ದಿಬಿಟ್ಟಳು. ಸ್ವಲ್ಪ ಹೊತ್ತಿಗೆ ಅದು ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿತು. ಬಚ್ಚಲೆಲ್ಲ ನಾತ. ಅದು ಬಟ್ಟೆಯಲ್ಲ, ಕುರಿಮರಿಯ ತೊಗಲು. ಪೂಜೆಗೆ ಕೂರುವ ಮುಂಚೆ ಮೈತೊಳೆಯುವ ನೀರಿನ ಹಂಡೆಯಲ್ಲಿ ತೊಗಲು ಬೇಯಿಸಿಬಿಟ್ಟೆನಲ್ಲ ಎಂದು ಅಮ್ಮ ಅಲ್ಲೇ ಕುಕ್ಕರಿಸಿದಳು.

ಅಪ್ಪ ಬಂದಾಗ ಅದನ್ನು ಅವನ ಮುಂದಿಟ್ಟಳು.

‘ಏನ್ರೀ ಇದು? ತೊಗಲು ಕಟ್ಕೊಂಡು ಅದೇನ್ ಮಾಡ್ತೀರಿ ಅಲ್ಲಿ?’

‘ಅದನ್ನ ಯಾಕೆ ಮುಟ್ಟಕ್ಕೋದೆ ನೀನು?’

‘ಮುಟ್ಟಿದ್ದು ತಪ್ಪೇ. ಏನು ಅಂತ ಹೇಳಿ, ಇನ್ಮೇಲೆ ಮುಟ್ಟಲ್ಲ.’

‘ಹೇಳಂಗಿಲ್ಲ ಕಣೇ. ಆಣೆ ಮಾಡಿದೀನಿ.’

‘ನನ್ ಕೈ ಹಿಡ್ದಾಗ ಏನಂತ ಮಾತು ಕೊಟ್ರಿ, ಅದು ನೆನಪೈತಾ?’

ಅಪ್ಪ ಎದ್ದು ಹೋದ. ಆಮೇಲೆ ಹೊಸದೊಂದನ್ನು ತರಿಸಿಕೊಂಡ. ಅಮ್ಮ ಹುಣಸೆಹಣ್ಣು ಹಾಕಿ ಹಂಡೆಯನ್ನು ಕೈ ಸೋಲುವಷ್ಟು ಉಜ್ಜಿದಳೇ ಹೊರತು ತವರಿನವರ ಹತ್ತಿರವೂ ಬಾಯಿ ಬಿಡಲಿಲ್ಲ. ಗುಟ್ಟೇನೆಂದು ತಿಳಿಯದೆಯೇ ಅವಳು ಗಂಡನ ಗುಟ್ಟು ಕಾಯ್ದಳು.

ಊರು ಸುಮ್ಮನಿರುತ್ತದೆಯೇ? ಬೆಳಗಾದರೆ ಟವೆಲಿನಡಿ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸುವ ದಲ್ಲಾಳಿಗಳಿಗೂ ಅಪ್ಪನ ಗುಟ್ಟು ಮಾತ್ರ ಸಹಿಸಲಾಗಲಿಲ್ಲ. ಚನ್ನಬಸಪ್ಪ ಜಾತಿ ಕೆಟ್ಟನಂತೆ, ತಲೆಬುರುಡೆ ಮುಂದಿಟ್ಟುಕೊಂಡು ಕುಡಿಯುತ್ತಾರಂತೆ ಎಂದು ಸಂತೆಯೆಲ್ಲ ಮಾತು. ಮನೆಗೆ ಬರುತ್ತಿದ್ದ ಜಂಗಮ ಅಯ್ನೋರು ಪಾದಪೂಜೆಗೆ ಬರುವುದನ್ನು ಬಿಟ್ಟರು. ಅಪ್ಪ ಮಂಡಿ ಯಜಮಾನ, ಅವನನ್ನು ಎದುರಿಗೆ ಕೇಳುವ ಗಂಡಸು ಒಬ್ಬನೂ ಇರಲಿಲ್ಲ. ಕೇಳಿದ್ದೆಲ್ಲ ಅಮ್ಮನನ್ನು. ನೆಂಟರ ಮನೆಯ ತೊಟ್ಟಿಲ ಶಾಸ್ತ್ರದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದವಳನ್ನು ಒಬ್ಬಾಕೆ ಕೇಳಿಯೇಬಿಟ್ಟಳು.

‘ನಿಮ್ಮನೆಯೋರು ದೇವ್ರನ್ನ ಬುಟ್ಟವ್ರಂತೆ, ಹೌದಾ ಗೌರಕ್ಕ?’

‘ಇಲ್ಲ ಕಣ್ರೀ, ಒಳ್ಳೇ ಕೆಲ್ಸಕ್ಕೇ ಹೋಗದು ಅವ್ರು.’

‘ಏನ್ ಕೆಲ್ಸ?’

ಅಮ್ಮ ಆರತಿಯ ಬತ್ತಿ ಸರಿಮಾಡತೊಡಗಿದಳು. ಯಾರೋ ಅವಳ ಕೈಯಿಂದ ತಟ್ಟೆ ತೆಗೆದುಕೊಂಡರು. ಅಪ್ಪ ಕಲ್ಲು ಕೆತ್ತಿಕೊಳ್ಳುತ್ತಿದ್ದನಂತೆ, ಸಿಡಿದ ಚೂರೆಲ್ಲ ಅಮ್ಮನ ಕಣ್ಣಿಗೆ. ಅವತ್ತಿನಿಂದ ಅವಳು ಯಾರ ಮನೆಯ ಶುಭಕಾರ್ಯಕ್ಕೂ ಹೋಗಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ಅಮ್ಮನ ಹೊಟ್ಟೆಯಲ್ಲಿ ಗಡ್ಡೆಯಾಯಿತು. ನನಗೆ ಆಗಲೇ ಮದುವೆಯಾಗಿತ್ತು, ನೋಡಿಕೊಳ್ಳಲು ಬಂದಿದ್ದೆ. ಅಪ್ಪ ಸೇವೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಗಂಜಿ ಕುಡಿಸಿದ, ತಲೆ ಬಾಚಿದ, ಮೀಟಿಂಗಿನ ಶನಿವಾರಗಳನ್ನೂ ಬಿಟ್ಟ. ಒಂದು ಮಧ್ಯಾಹ್ನ ಅವನು ಗಂಜಿ ಕುಡಿಸುತ್ತಿದ್ದಾಗ ಅಮ್ಮ ಚಮಚವನ್ನು ಕೈಯಿಂದ ತಡೆದಳು.

‘ಎಲ್ಲ ಬ್ಯಾಡ. ಒಂದೇ ಒಂದು ಹೇಳಿ. ಅಲ್ಲಿ ನೀವು ದೇವ್ರಿಗೆ ಕೈ ಮುಗೀತೀರೋ ಇಲ್ವೋ?’

‘ಅದೊಂದು ಕೇಳ್ಬ್ಯಾಡ ಕಣೇ’ ಎಂದ ಅಪ್ಪ.

‘ಬುಡಿ’ ಎಂದು ಅಮ್ಮ ಗೋಡೆಯ ಕಡೆ ತಿರುಗಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಅವಳು ಹೆಚ್ಚು ದಿನ ಉಳಿಯಲಿಲ್ಲ. ಗಂಡ ದೇವರನ್ನು ಬಿಟ್ಟಿದ್ದಾನೋ ಇಲ್ಲವೋ ಎಂಬುದು ತಿಳಿಯದೆಯೇ ಹೋದಳು.

ಅಮ್ಮನ ಶಿವಗಣಾರಾಧನೆಗೆ ಆ ಎಣ್ಣೆ ಮಿಲ್ಲಿನ ಯಜಮಾನರು ಹೆಂಡತಿಯ ಜೊತೆ ಬಂದಿದ್ದರು. ಆಕೆ ನನ್ನ ಪಕ್ಕ ಕೂತು, ಸಮಾಧಾನದ ಮಾತಿನ ನಡುವೆ, ‘ಲಾಡ್ಜಲ್ಲಿ ನಿಮ್ಮ ತಂದೆ ಪ್ರಾರ್ಥನೆ ಹೇಳ್ತಿದ್ರೆ ಎಲ್ರೂ ಮೈಮರೆತು ನಿಲ್ತಾರಂತಮ್ಮ’ ಎಂದರು.

‘ಪ್ರಾರ್ಥನೇನಾ?’

‘ಮತ್ತೆ? ದೇವ್ರನ್ನ ನಂಬದೋರನ್ನ ಅವರು ಸೇರಿಸ್ಕೊಳ್ಳೋದೇ ಇಲ್ಲ. ಯಾವ ದೇವ್ರು ಅಂತ ಕೇಳಲ್ಲ, ಅಷ್ಟೆ. ನಮ್ಮನೆಯವರು ಮದುವೆಯ ಹೊಸದ್ರಲ್ಲೇ ಎಲ್ಲಾ ಹೇಳಿದ್ರು. ಹಿಂದೆ ಕಲ್ಲುಕೆಲಸದೋರು ತೊಗಲು ಕಟ್ಕೊಳ್ತಿದ್ರಂತೆ, ಅದಕ್ಕೇ ಇವರೂ ಕಟ್ಕೊಳ್ತಾರೆ. ಅದನ್ನ ಕಟ್ಕೊಂಡ್ಮೇಲೆ ಜಡ್ಜೂ ಒಂದೇ, ಗುಮಾಸ್ತನೂ ಒಂದೇ. ಒಬ್ಬರನ್ನೊಬ್ಬರು ಗುರುತು ಹಿಡಿಯೋ ಸನ್ನೆ, ಒಂದೆರಡು ಮಾತು, ಗುಟ್ಟು ಅನ್ನೋದು ಅಷ್ಟೇ. ನಿಮ್ಮ ತಾಯಿಗೆ ಗೊತ್ತಿರ್ಲಿಲ್ವೇ?’

ನನಗೆ ಮೈಯೆಲ್ಲ ಉರಿದುಹೋಯಿತು. ನೆಂಟರು ಹೋಗುವುದನ್ನೇ ಕಾದು ಅಪ್ಪನೆದುರು ನಿಂತೆ.

‘“ಹೌದು, ಕೈ ಮುಗೀತೀನಿ” ಅನ್ನೋ ಒಂದು ಮಾತಿಗೆ ನಿನ್ನ ಆಣೆ ಅಡ್ಡ ಇರ್ಲಿಲ್ವಂತೆ. ಯಾಕೆ ಹೇಳ್ಲಿಲ್ಲ?’

ಅಪ್ಪ ನೆಲ ನೋಡುತ್ತ ಹೇಳಿದ: ‘ಈ ಊರಲ್ಲಿ ನಂದು ಅಂತ ಏನೈತೆ ಕಣವ್ವ? ಮಂಡಿ ನಮ್ಮಪ್ಪ ಕಟ್ಟಿದ್ದು. ಮನೇಲಿ ಅಣ್ಣನ ಮಾತೇ ಮಾತು. ಅಲ್ಲಿ ನಾನು ಇಂಥೋರ ಮಗ ಅಲ್ಲ, ಇಂಥ ಕುಲದೋನಲ್ಲ, ಬರೀ ಚನ್ನಬಸಪ್ಪ. ಒಂದು ಹೇಳಿದ್ರೆ ಇನ್ನೊಂದು ಹೇಳ್ಬೇಕಾಯ್ತದೆ. ಎಲ್ಲಾ ಹೇಳ್ಬುಟ್ರೆ ಅದೂ ಈ ಮನೇದೇ ಆಗೋಯ್ತದೆ ಅನ್ನಿಸ್ತು.’

ಅವನ ಮಾತು ನನಗೆ ಅರ್ಥವಾಯಿತು, ಅದಕ್ಕೇ ಸಿಟ್ಟು ಇನ್ನೂ ಏರಿತು. ಅಮ್ಮನಿಗಾದರೂ ತನ್ನದು ಎಂದು ಏನಿತ್ತು? ನಾಲ್ಕು ಜನರ ನಡುವೆ ಒಂದು ಮರ್ಯಾದೆ ಇತ್ತು, ಅದನ್ನೂ ಅಪ್ಪನ ಮೌನ ನುಂಗಿತು. ಎಲ್ಲರೂ ಸಮಾನರು ಎಂದು ಆ ಲಾಡ್ಜಿನಲ್ಲಿ ತಲೆಯಾಡಿಸಿ ಬರುತ್ತಿದ್ದವನಿಗೆ, ಆ ಎಲ್ಲರಲ್ಲಿ ಹೆಂಡತಿಯೂ ಒಬ್ಬಳು ಎಂದು ಒಂದು ದಿನವೂ ಹೊಳೆಯಲಿಲ್ಲ. ಇಷ್ಟನ್ನೂ ಅವನ ಮುಖಕ್ಕೇ ಹೇಳಿ ಗಂಡನ ಮನೆಗೆ ಬಸ್ಸು ಹತ್ತಿದೆ.

ಅಪ್ಪ ಸಾಯುವ ಮುಂಚೆ ನಾನು ಅವನನ್ನು ಕಂಡದ್ದು ಇನ್ನೊಂದೇ ಸಲ. ಆ ಹೊತ್ತಿಗೆ ಅವನು ಲಾಡ್ಜಿಗೆ ಹೋಗುವುದನ್ನೇ ಬಿಟ್ಟಿದ್ದನಂತೆ. ಸಂಜೆ ಹೋದಾಗ ಮನೆಯಲ್ಲಿರಲಿಲ್ಲ. ಹುಡುಕಿಕೊಂಡು ತೋಟಕ್ಕೆ ಹೋದೆ. ಅಮ್ಮನನ್ನು ಮಣ್ಣು ಮಾಡಿದ ಜಾಗದ ಪಕ್ಕ, ಬಿದ್ದ ತೆಂಗಿನ ಗರಿಯ ಮೇಲೆ ಕೂತು, ಎದುರಿಗೆ ಅವಳೇ ಇದ್ದಾಳೆ ಎನ್ನುವಂತೆ ಮಾತಾಡುತ್ತಿದ್ದ.

‘ಮೊದ್ಲು ಎಲ್ಲಾರೂ ಎದ್ದು ನಿಲ್ತೀವಿ ಕಣೇ. ಪ್ರಾರ್ಥನೆ ಹೇಳೋನು ನಾನೇ. ಅವರವರ ದೇವ್ರನ್ನ ಅವರವರು ನೆನ್ಕೊಳ್ಳದು. ನಾನು ಶಿವನ್ನೇ ನೆನ್ಕೋತಿದ್ದೆ.’

ನನ್ನನ್ನು ಕಂಡು ಮಾತು ನಿಲ್ಲಿಸಿದ. ಕಣ್ಣೊರೆಸಿಕೊಂಡು, ಗರಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ.

‘ಬಾ, ಕೂತ್ಕೊ ಕಣವ್ವ. ನಿಂಗೂ ಹೇಳ್ತೀನಿ.’

‘ಕೇಳಿದೋಳು ನಾನಲ್ಲಪ್ಪ’ ಎಂದೆ.

ಅಪ್ಪ ತಲೆ ತಗ್ಗಿಸಿದ. ನಾನು ಕೂರಲಿಲ್ಲ. ಕೂರದೆ ಬಂದದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಬೇಲಿ ದಾಟುವಾಗ ಹಿಂದಿನಿಂದ ಅವನ ದನಿ ಮತ್ತೆ ಕೇಳಿಸಿತು. ಬಿಟ್ಟಲ್ಲಿಂದಲೇ ಶುರುಮಾಡಿದ್ದ.