ನಾನು ಬ್ರಿಟಿಷರನ್ನು ತಡೆದು ನಿಲ್ಲಿಸಿದ ವರ್ಷ

ಕೊರೊನಾ ಬಂದು ಶಾಲೆಗೆ ಬೀಗ ಬಿದ್ದಾಗ ನನಗೆ ಮೊದಲು ಹತ್ತಿದ ಚಿಂತೆ, ಇನ್ನು ಯಾರನ್ನು ಬೈಯಲಿ ಎಂಬುದು. ಎಷ್ಟೋ ವರ್ಷಗಳಿಂದ ಗೋಕಾಕದಲ್ಲಿ ಬಸ್ಸು ಹತ್ತಿ, ಕುಲಗೋಡದ ಆಚೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತ ಬಂದವಳು ನಾನು. ನನ್ನ ಪಾಠದಲ್ಲಿ ಅರ್ಧ ಪುಸ್ತಕದ್ದು, ಅರ್ಧ ಬೈಗುಳದ್ದು. ಎರಡೂ ಸೇರಿದರೇನೇ ಮಕ್ಕಳ ತಲೆಗೆ ಹೋಗುತ್ತದೆ ಎಂಬುದು ನನ್ನ ನಂಬಿಕೆ. ಶಾಲೆಯಿಲ್ಲದೆ ಮನೆಯಲ್ಲಿ ಕೂತ ಮೊದಲ ವಾರ ಆ ಎರಡನೇ ಅರ್ಧವೆಲ್ಲ ನಮ್ಮ ಮನೆಯವರ ಪಾಲಿಗೆ ಬಂತು. ಬ್ಯಾಂಕಿನಿಂದ ನಿವೃತ್ತರಾದ ಬಡಪಾಯಿ ಮನುಷ್ಯ. ತಪ್ಪಿಸಿಕೊಂಡು ಹೋಗೋಣವೆಂದರೆ ಹೊರಗೆ ಪೊಲೀಸರು ಲಾಠಿ ಹಿಡಿದು ನಿಂತಿದ್ದರು.

ಆಮೇಲೆ ಆನ್‌ಲೈನ್ ಪಾಠ ಮಾಡಿರೆಂದು ಮೇಲಿನಿಂದ ಆದೇಶ ಬಂತು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಬೆನ್ನ ಹಿಂದೆ ಭಾರತದ ನಕ್ಷೆ ತೂಗುಹಾಕಿ ಲ್ಯಾಪ್‌ಟಾಪಿನ ಮುಂದೆ ಕೂತೆ. ಪರದೆಯ ಮೇಲೆ ಕಾಣಿಸಿಕೊಂಡಿದ್ದು ಎರಡೇ ಮುಖ. ಒಂದು ನಮ್ಮ ಹೆಡ್‌ಮಾಸ್ಟರದು, ಇನ್ನೊಂದು ಯಾರದೋ ಮನೆಯ ಎಮ್ಮೆಯದು. ಹೆಡ್‌ಮಾಸ್ಟರು ಬೇಗ ಮಾಯವಾದರು, ಎಮ್ಮೆ ಪಾಠ ಮುಗಿಯುವವರೆಗೂ ಇತ್ತು.

ನಮ್ಮ ಮಕ್ಕಳ ಮನೆಗಳಲ್ಲಿ ದೊಡ್ಡ ಫೋನು ಕಡಿಮೆ, ಅದಕ್ಕೆ ಸಿಗ್ನಲ್ ಇನ್ನೂ ಕಡಿಮೆ. ಕೊನೆಗೆ ನಾನು ಆ ಗೊಡವೆಯನ್ನೇ ಬಿಟ್ಟು ಓಣಿಗೊಂದು ಮನೆ ಗೊತ್ತುಮಾಡಿ, ಅಲ್ಲಿಗೆ ಸಾದಾ ಫೋನ್ ಮಾಡಿ ಪಾಠ ಹೇಳತೊಡಗಿದೆ. ಒಂದು ಓಣಿಯಲ್ಲಿ ಹತ್ತನೇ ತರಗತಿಯ ನಾಲ್ಕೈದು ಮಕ್ಕಳು ಒಬ್ಬ ಹುಡುಗಿಯ ಮನೆಯಲ್ಲಿ ಸೇರುತ್ತಿದ್ದರು. ಫೋನು ಅವಳ ಅಪ್ಪನದು. ಅವನು ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುವವನು, ಹಗಲೆಲ್ಲ ಫೋನು ಅವನ ಅಂಗಿ ಕಿಸೆಯಲ್ಲೇ. ಅವನು ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹೀಗಾಗಿ ನನ್ನ ಪಾಠವೂ ದೀಪ ಹಚ್ಚುವ ಹೊತ್ತಿಗೇ.

ಹಾಜರಿ ಕೂಗಿದರೆ ಮಕ್ಕಳಿಗಿಂತ ಮೊದಲು ದೊಡ್ಡವರೇ ಉತ್ತರ ಕೊಡುತ್ತಿದ್ದರು. “ಅದಾನ್ರಿ ಅಕ್ಕೋರ, ದನಕ್ಕ ನೀರ ಕುಡಸಾಕ ಹೋಗ್ಯಾನ, ನೀವು ಚಾಲೂ ಮಾಡ್ರಿ.” ನಮ್ಮ ಕಡೆ ಹೆಣ್ಣು ಶಿಕ್ಷಕಿ ಎಂದರೆ ಅಕ್ಕೋರು. ಅಕ್ಕೋರು ಚಾಲೂ ಮಾಡುತ್ತಿದ್ದಳು. ಮೊದಲಿನಿಂದಲೂ ನನ್ನದೊಂದು ಪದ್ಧತಿ: ಮಕ್ಕಳಲ್ಲಿ ಒಬ್ಬರು ಪುಸ್ತಕದಿಂದ ಒಂದು ಪ್ಯಾರಾ ಗಟ್ಟಿಯಾಗಿ ಓದಬೇಕು, ನಾನು ಅದರ ಅರ್ಥ ಬಿಡಿಸಿ ಹೇಳಬೇಕು. ಆ ಮನೆಯ ಹುಡುಗಿಯ ದನಿ ಸ್ಪಷ್ಟವಾಗಿತ್ತು, ತಡವರಿಸುತ್ತಿರಲಿಲ್ಲ. ಓದುವ ಕೆಲಸ ಅವಳಿಗೇ ಬಿತ್ತು.

ಒಂದು ಸಂಜೆ ಪಾಠ ಹೇಳುವಾಗ ನನ್ನ ಮಾತೇ ನನಗೆ ತಿರುಗಿ ಕೇಳತೊಡಗಿತು. ನಾನು “ಬ್ರಿಟಿಷರು” ಎಂದರೆ ಅತ್ತ ಕಡೆಯಿಂದಲೂ “ಬ್ರಿಟಿಷರು.” ನನಗೆ ರೇಗಿತು.

“ಯಾರಲೇ ಅವಾ, ನನ್ನ ಅಣಕಸಾಕತ್ತಾನ?”

“ಯಾರೂ ಅಣಕಸಾಕತ್ತಿಲ್ರಿ ಅಕ್ಕೋರ,” ಎಂದಳು ಹುಡುಗಿ. “ನಿಮ್ಮ ದನೀನ ಐತ್ರಿ. ಹಣಮಪ್ಪನ ಗುಡಿ ಗ್ವಾಡಿಗೆ ಬಡದು ತಿರಗಿ ಬರಾಕತ್ತೇತಿ.”

ವಿಚಾರಿಸಿದಾಗ ಗೊತ್ತಾಯಿತು. ಆ ಓಣಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಒಬ್ಬ ಕಾಕಾ ಇದ್ದ. ಮದುವೆಗೂ ಉರುಸಿಗೂ ಅವನದೇ ಮೈಕು. ಆ ವರ್ಷ ಮದುವೆಯೂ ಇಲ್ಲ, ಉರುಸೂ ಇಲ್ಲ, ಪೆಟ್ಟಿಗೆಗಳೆಲ್ಲ ಧೂಳು ತಿನ್ನುತ್ತಿದ್ದವು. ಹುಡುಗಿಯ ಅಜ್ಜಿ ಅವನನ್ನು ಕರೆದು, ಜನ ಒಂದೇ ಕಡೆ ಕೂಡುವಂತಿಲ್ಲ, ಎಲ್ಲರಿಗೂ ಅವರವರ ಕಟ್ಟೆಯ ಮೇಲೇ ಕೇಳಿಸುವಂತೆ ಮಾಡು ಎಂದಿದ್ದಳಂತೆ. ಕಾಕಾ ಸಂಜೆಯ ನಮಾಜು ಮುಗಿಸಿ ಬಂದು ಫೋನಿಗೆ ವಾಯರು ಜೋಡಿಸುವವನು, ಆಮೇಲೆ ನನ್ನ ಪಾಠ ಓಣಿಯ ತುಂಬ. ವಾರದಿಂದ ಹೀಗೇ ನಡೆದಿತ್ತು, ಅಂದು ಮಾತ್ರ ಪೆಟ್ಟಿಗೆಯ ಬಾಯಿ ಗುಡಿಯ ಕಡೆ ತಿರುಗಿತ್ತು. ಅಂದರೆ ಹಾಲು ಉಕ್ಕಿಸಿದ್ದಕ್ಕೆ ನಾನು ಪಾಠದ ನಡುವೆ ನಮ್ಮ ಮನೆಯವರಿಗೆ ಮಾಡಿದ ಮಂಗಳಾರತಿಯನ್ನೂ ಇಡೀ ಓಣಿ ಕೇಳಿತ್ತು.

“ಅದೂ ಚಲೋ ಇತ್ರಿ,” ಎಂದ ಕಾಕಾ. “ನಮ್ಮ ಮನ್ಯಾಕಿ ಎರಡ ಸರ್ತಿ ನೆನಿಸಿ ನಕ್ಕಳು.”

ಅಜ್ಜಿಗೆ ಈ ಯೋಚನೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಕಡೆ ಶ್ರಾವಣದಲ್ಲಿ ಮಠಗಳಲ್ಲಿ ಸಂಜೆಯ ಹೊತ್ತು ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅದರ ಅರ್ಥ ಹೇಳುತ್ತಾರೆ, ಊರವರು ಕೂತು ಕೇಳುತ್ತಾರೆ. ಕಡೆಯ ದಿನ ಮಂಗಲ, ಎಲ್ಲರಿಗೂ ಗೋಧಿ ಹುಗ್ಗಿ. ಆ ವರ್ಷ ಮಠದ ಬಾಗಿಲು ಮುಚ್ಚಿ ಪುರಾಣವೇ ಇರಲಿಲ್ಲ. ಹೀಗಿರುವಾಗ ಅದೇ ಹೊತ್ತಿಗೆ ಒಬ್ಬಳು ಓದುತ್ತಾಳೆ, ಇನ್ನೊಬ್ಬಳು ಅರ್ಥ ಹೇಳುತ್ತಾಳೆ, ಅದೂ ಮೈಕಿನಲ್ಲಿ. ಅಜ್ಜಿ ಫೋನನ್ನು ಮಣೆಯ ಮೇಲಿಟ್ಟು, ಮುಂದೆ ಸಮೆಯ ದೀಪ ಹಚ್ಚಿ, ಅದಕ್ಕೊಂದು ಹೂವನ್ನೂ ಏರಿಸಿದ್ದಳಂತೆ. ಓಣಿಯ ಬಾಯಲ್ಲಿ ನನ್ನ ಪಾಠದ ಹೆಸರು ಪುರಾಣವೆಂದೇ ಆಗಿಹೋಯಿತು.

ಇದು ಪುರಾಣವಲ್ಲ, ಇತಿಹಾಸ, ಎರಡಕ್ಕೂ ಅಜಗಜಾಂತರ ಎಂದು ಹೇಳಬೇಕಾದವಳು ನಾನು. ಹೇಳಲಿಲ್ಲ. ಇಷ್ಟು ವರ್ಷ ಕಿಟಕಿಯ ಹೊರಗೆ ನೋಡುತ್ತ ಆಕಳಿಸುವ ಮಕ್ಕಳಿಗೆ ಕಲಿಸಿದವಳಿಗೆ ಒಂದು ಓಣಿಗೆ ಓಣಿಯೇ ಕಿವಿಗೊಟ್ಟು ಕೂತಿದೆ ಎಂದರೆ ತಲೆ ನಿಲ್ಲುತ್ತದೆಯೇ? ಫೋನಿನಲ್ಲಿ ಯಾರಿಗೂ ಕಾಣಿಸುವುದಿಲ್ಲವೆಂದು ಗೊತ್ತಿದ್ದೂ ನಾನು ಸಂಜೆ ತಲೆ ಬಾಚಿಕೊಂಡು ಕೂರತೊಡಗಿದೆ.

ಕೇಳುವವರೂ ಸುಮ್ಮನೆ ಕೇಳುವವರಲ್ಲ. ಬ್ರಿಟಿಷರು ರಕ್ಷಣೆಗೆಂದು ರಾಜರ ಊರಿನಲ್ಲಿ ತಮ್ಮ ಸೈನ್ಯ ಇಟ್ಟು, ಅದರ ಖರ್ಚನ್ನೂ ರಾಜರಿಂದಲೇ ಕೀಳುತ್ತಿದ್ದರು ಎಂಬ ಪಾಠ ಬಂದಾಗ ಒಬ್ಬ ಹೆಂಗಸು, “ಥೇಟ್ ನಮ್ಮ ಮೈದುನನ ಹಂಗರಿ, ಹೊಲಾ ಕಾಯತೇನಂತ ಬಂದು ಮನ್ಯಾಗ ಕುಂತಾನ,” ಎಂದು ಕೂಗಿದಳು. ಮೈದುನನೂ ಅಲ್ಲೇ ಕಟ್ಟೆಯ ಮೇಲೆ ಇದ್ದನೆಂದು ಕಾಣುತ್ತದೆ, ಅಂದಿನ ಪಾಠ ಮುಂದುವರಿಯಲಿಲ್ಲ. ದತ್ತು ಮಕ್ಕಳಿಗೆ ರಾಜ್ಯದ ಹಕ್ಕಿಲ್ಲ ಎಂಬ ನೀತಿ ಬಂದ ದಿನವಂತೂ ಓಣಿ ಕುದ್ದುಹೋಯಿತು. ಕಿತ್ತೂರಿನ ಪಾಠಕ್ಕೆ ಹೆಂಗಸರು ಮೂಗು ಸುರಿಸಿದ್ದು ನನಗೆ ಗೋಕಾಕದಲ್ಲಿ ಕೂತೇ ಕೇಳಿಸಿತು.

ಹೀಗೆ ನಾನು ಹಿಗ್ಗಿನಲ್ಲಿ ತೇಲುತ್ತಿದ್ದಾಗ ಒಂದು ಬೆಳಿಗ್ಗೆ ಹುಡುಗಿ ಯಾರದೋ ಫೋನಿನಿಂದ ಮಾತಾಡಿದಳು. ದನಿ ಬಹಳ ಸಣ್ಣದಾಗಿತ್ತು.

“ಅಕ್ಕೋರ, ನನ್ನ ಬೆಲ್ಲದ ಬಾಗೇವಾಡಿಗೆ ಕಳಸ್ತಾರಂತ್ರಿ. ಅತ್ತಿ ಮಗಳು ಹಡ್ಯಾಕ ಬಂದಾಳ, ಬಾಣಂತನಕ್ಕ ಮಂದಿ ಬೇಕಂತ. ಹೆಂಗೂ ಸಾಲಿ ಇಲ್ಲಲ್ಲ ಅಂತಾರ ಅಪ್ಪಾ.”

“ಎರಡ ತಿಂಗಳಿದ್ದ ಬಂದ್ರ ಆತಲ್ಲವಾ?”

“ಅತ್ತಿಗೆ ಒಬ್ಬ ಮಗಾ ಅದಾನ್ರಿ. ಸಂಕೇಶ್ವರದಾಗ ಗ್ಯಾರೇಜ್ ಇಟ್ಟಾನ. ಅಲ್ಲಿಗೆ ಹೋದ್ರ ಮುಗೀತ್ರಿ ಅಕ್ಕೋರ. ನಾ ಹತ್ತನೇತ್ತೆ ಪಾಸಾಗಿ ಮೂಡಲಗಿ ಕಾಲೇಜಿಗೆ ಹೋಗಬೇಕಂತ ಮಾಡೀನ್ರಿ.”

ಬಾಗೇವಾಡಿ ಇರುವ ಹುಕ್ಕೇರಿ ಕಡೆಗಿರಲಿ, ಗೋಕಾಕದ ಕಡೆಗಿರಲಿ, ಬಾಣಂತನಕ್ಕೆಂದು ಹೋದ ಹುಡುಗಿಯರು ಸೊಸೆಯಾಗಿ ಉಳಿದದ್ದನ್ನು ನಾನು ಎಷ್ಟು ನೋಡಿಲ್ಲ? ಕೂಡಲೇ ಅವಳ ಅಪ್ಪನಿಗೆ ಫೋನ್ ಮಾಡಿ ವಯಸ್ಸು, ಕಾಯ್ದೆ, ಜೈಲು ಎಲ್ಲ ಒದರಿದೆ. ಅವನು ಒಂದಕ್ಕೂ ಸಿಟ್ಟಾಗಲಿಲ್ಲ. “ಏ ಲಗ್ನದ ಮಾತ ಯಾರ ತಗದಾರ್ರಿ ಅಕ್ಕೋರ? ಅತ್ತಿ ಮನಿ ಅದು, ಎರಡ ತಿಂಗಳ ಇದ್ದ ಬರ್ತಾಳ. ನಾಳೆ ಟ್ರ್ಯಾಕ್ಟರ್ ತಗೊಂಡ ಆ ಕಡೆ ಹೊಂಟೇನಿ, ಬಿಟ್ಟ ಬರ್ತೇನಿ.” ಜಗಳಕ್ಕೆ ಬರುವವನ ಜೊತೆ ನಾನು ಗೆಲ್ಲಬಲ್ಲೆ. ನಗುತ್ತ ಮಾತಾಡುವವನ ಮುಂದೆ ನನ್ನ ಆಟ ನಡೆಯುವುದಿಲ್ಲ.

ಅಂದು ಸಂಜೆ ಪಾಠಕ್ಕೆ ಫೋನ್ ಮಾಡಿ ಹಾಜರಿ ಕೂಗತೊಡಗಿದೆ. ಅಷ್ಟರಲ್ಲಿ ಅಜ್ಜಿಯ ದನಿ ಮೈಕಿನಲ್ಲಿ ಗುಡುಗಿತು.

“ಕೇಳ್ರಿ ಎಲ್ಲಾರೂ. ನಮ್ಮನ್ಯಾಗ ಪುರಾಣ ಹಚ್ಚೇವಿ. ಓದಾಕಿ ನಮ್ಮ ಹುಡಿಗಿ. ಮಂಗಲ ಆಗೋಮಟಾ ಓದಾಕಿ ಊರ ಸೀಮಿ ದಾಟಾಂಗಿಲ್ಲ. ಇಂಥಾ ರೋಗ ಬ್ಯಾನಿ ಅಡ್ಡಾಡೋ ಹೊತ್ತಿನ್ಯಾಗ ಪುರಾಣ ಅರ್ಧಕ್ಕ ಬಿಟ್ರ ಓಣಿಗೆ ಒಳ್ಳೇದಲ್ಲ.”

ಓಣಿ ಹೌದು ಹೌದು ಎಂದಿತು. ಆ ಕಾಲದಲ್ಲಿ ಯಾರಾದರೂ ಕೆಮ್ಮಿದರೂ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾಳೆ ಏನಾದರೂ ಆದರೆ ನಿನ್ನಿಂದಲೇ ಎಂದು ಊರು ಬೆರಳು ತೋರಿಸುವುದು ಯಾವ ಅಪ್ಪನಿಗೆ ಬೇಕು? ಮಗಳನ್ನು ಬಿಡಲು ಹೊರಟಿದ್ದ ಟ್ರ್ಯಾಕ್ಟರ್ ಮರುದಿನ ಒಂಟಿಯಾಗಿ ಹೋಯಿತು. ಅಜ್ಜಿಯ ಮೂಢನಂಬಿಕೆಗೆ ನಾನು ಅಂದು ಮನಸ್ಸಿನಲ್ಲೇ ಕೈಮುಗಿದೆ. ಸಮಾಜ ವಿಜ್ಞಾನದ ಶಿಕ್ಷಕಿ ಮಾಡುವ ಕೆಲಸವಲ್ಲ, ಆದರೆ ಮುಗಿದೆ.

ಈಗ ಎಲ್ಲ ಭಾರ ನನ್ನ ಮೇಲೆ. ಮಂಗಲವಾಗಬಾರದೆಂದರೆ ಪಾಠ ಮುಗಿಯಬಾರದು. ಹತ್ತನೇ ತರಗತಿಯ ಪುಸ್ತಕದಲ್ಲಿ ಇತಿಹಾಸ ಎಷ್ಟಿದ್ದೀತು? ಸ್ವಾತಂತ್ರ್ಯ ಸಿಕ್ಕ ದಿನ ಕಾಯಿ ಒಡೆದು ಮಂಗಲ ಮಾಡೋಣವೆಂದು ಕಾಕಾ ಬೇರೆ ಎಲ್ಲರಿಗೂ ಹೇಳಿಬಿಟ್ಟಿದ್ದ. ಹಾಗಾಗಿ ನಾನು ಬ್ರಿಟಿಷರನ್ನು ಬಿಡಲಿಲ್ಲ. ಅವರು ಹೊರಡಲು ಗಂಟುಮೂಟೆ ಕಟ್ಟಿದಂತೆಲ್ಲ ನಾನು ತಡೆದು ನಿಲ್ಲಿಸಿದೆ. ಹಿಂದೆಯೇ ಮುಗಿದಿದ್ದ ಪ್ಲಾಸಿಯ ಯುದ್ಧವನ್ನು ಮತ್ತೆ ಹೂಡಿದೆ, ಅದು ನಿಜವಾಗಿ ನಡೆದದ್ದಕ್ಕಿಂತ ಎಷ್ಟೋ ಹೆಚ್ಚು ದಿನ ನನ್ನ ಬಾಯಲ್ಲಿ ನಡೆಯಿತು. ರೈಲು ಹಳಿ ಹಾಕುವುದಕ್ಕೇ ಒಂದು ವಾರ ಹಿಡಿಸಿದೆ. ಅದೂ ಸಾಲದಾದಾಗ, ಇದು ತಿಳಿಯಬೇಕಾದರೆ ಹಿಂದಿನದು ತಿಳಿಯಬೇಕು ಎಂದು ಹೇಳಿ ಒಂಬತ್ತನೇ ತರಗತಿಯ ಪುಸ್ತಕಕ್ಕೆ ಹಾರಿದೆ, ಅಲ್ಲಿಂದ ಎಂಟನೆಯದಕ್ಕೆ. ಫ್ರಾನ್ಸಿನಲ್ಲಿ ಹೆಂಗಸರು ಬ್ರೆಡ್ಡಿಗಾಗಿ ಅರಮನೆಗೆ ನುಗ್ಗಿದ ಪಾಠ ಓಣಿಯ ಹೆಂಗಸರಿಗೆ ಎಷ್ಟು ಹಿಡಿಸಿತೆಂದರೆ ಅದನ್ನು ಮರುದಿನ ಮತ್ತೊಮ್ಮೆ ಹೇಳಿಸಿದರು. ಒಂದು ಸಲ ಬೇರೆ ದಾರಿ ಕಾಣದೆ ಭೂಗೋಳ ತೆಗೆದೆ. “ಇದ್ರಾಗ ಯುದ್ಧ ಇಲ್ಲೇನ್ರಿ?” ಎಂದ ಕಾಕಾ. ಇಲ್ಲ ಎಂದೆ. ಕಟ್ಟೆಗಳು ಒಂದೊಂದಾಗಿ ಖಾಲಿಯಾದವಂತೆ. ಮತ್ತೆ ಭೂಗೋಳದ ಸುದ್ದಿಗೆ ಹೋಗಲಿಲ್ಲ.

ಹುಡುಗಿಯ ಅಪ್ಪನಿಗೆ ಮಾತ್ರ ತಳಮಳ. ಅವನ ಅಕ್ಕ ಬಾಗೇವಾಡಿಯಿಂದ ದಿನಾ ಫೋನ್ ಮಾಡಿ ಬೈಯುತ್ತಿದ್ದಳು. ಅವನು ಪ್ರತಿ ಸಂಜೆ ಪಾಠ ಮುಗಿದ ಮೇಲೆ ಮೈಕಿನ ವಾಯರು ಕಿತ್ತು, ಫೋನು ಕಿವಿಗಿಟ್ಟುಕೊಂಡು ಕೇಳುತ್ತಿದ್ದ:

“ಅಕ್ಕೋರ, ಸ್ವಾತಂತ್ರ್ಯ ಯಾವಾಗ ಸಿಗತೈತ್ರಿ?”

“ಅಷ್ಟ ಹಗರ ಸಿಗತೈತೇನೋ ತಮ್ಮಾ? ಎಷ್ಟ ಮಂದಿ ಜೀವಾ ಕೊಟ್ಟಾರ,” ಎನ್ನುತ್ತಿದ್ದೆ.

“ಖರೆ ಐತ್ರಿ. ಆದ್ರೂ ಈ ವಾರದಾಗ ಒಂದೀಟ...”

ಈ ದೇಶದಲ್ಲಿ ಬ್ರಿಟಿಷರನ್ನು ಓಡಿಸಲು ಅಷ್ಟು ಅವಸರಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ನಮ್ಮ ಮನೆಯವರಿಗೂ ಅವನ ಮೇಲೆ ಕನಿಕರ ಹುಟ್ಟಿ, “ಪಾಪ, ಆ ಮನುಷ್ಯಾಗರೆ ಲಗೂನ ಸ್ವಾತಂತ್ರ್ಯಾ ಕೊಟ್ಟ ಬಿಡ. ನನಗಂತೂ ಸಿಗಾಂಗಿಲ್ಲ,” ಎಂದರು.

ನಾನು ಮೇಲೆ ನಗುತ್ತಿದ್ದೆ, ಒಳಗೆ ಹೆದರಿದ್ದೆ. ಅಷ್ಟರಲ್ಲಿ ಬಸ್ಸುಗಳು ಮತ್ತೆ ಓಡತೊಡಗಿದ್ದವು. ಯಾವುದಾದರೂ ಬೆಳಿಗ್ಗೆ ಅತ್ತೆಯೇ ಬಂದು ಹುಡುಗಿಯ ಕೈ ಹಿಡಿದು ಬಸ್ಸು ಹತ್ತಿಸಿದರೆ ಯಾವ ಪುರಾಣ ತಡೆದೀತು? ಫೋನ್ ಹಚ್ಚಿದ ಕೂಡಲೇ ಅವಳು ಓದುವ ದನಿ ಕೇಳುವವರೆಗೆ ನನಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಬೇರೆ ಮಕ್ಕಳು ಓದಿದ ದಿನ, ಅವಳು ನೀರಿಗೆ ಹೋಗಿದ್ದಾಳೆಂದು ತಿಳಿಯುವಷ್ಟರಲ್ಲಿ ನಾನು ಅವರನ್ನು ವಿನಾಕಾರಣ ಬೈದು ಮುಗಿಸಿರುತ್ತಿದ್ದೆ.

ಕೊನೆಗೆ ಬಾಗೇವಾಡಿಯಲ್ಲಿ ಹೆರಿಗೆಯಾಯಿತು. ಅತ್ತೆ ಕಾದು ಬೇಸತ್ತು ತನ್ನ ಗಂಡನ ಕಡೆಯ ಯಾರನ್ನೋ ಕರೆಸಿಕೊಂಡಳು. ಬಾಣಂತನ ಸಾಗಿತು, ತೊಟ್ಟಿಲೂ ಆಯಿತು. ಅಷ್ಟರಲ್ಲಿ ಹತ್ತನೇ ತರಗತಿಯವರಿಗೆ ಶಾಲೆ ತೆರೆಯುತ್ತದೆ ಎಂಬ ಸುದ್ದಿ ಬಂತು. ಆ ಸಂಜೆಯೇ ನಾನು ಭಾರತಕ್ಕೆ ಸ್ವಾತಂತ್ರ್ಯ ಕೊಟ್ಟೆ. ಮೈಕಿನಲ್ಲಿ ಚಪ್ಪಾಳೆ ಕೇಳಿತು. ಎಲ್ಲರಿಗಿಂತ ಜೋರಾಗಿ ಹೊಡೆದವನು ಹುಡುಗಿಯ ಅಪ್ಪ ಎಂದು ಮಕ್ಕಳು ಆಮೇಲೆ ಹೇಳಿದರು. ಈಗ ಕಳಿಸುವ ಕಾರಣವೇ ಉಳಿದಿಲ್ಲವೆಂದು ಅವನಿಗೆ ಅಷ್ಟು ಹೊತ್ತಿಗೆ ಹೊಳೆದಿತ್ತೋ ಇಲ್ಲವೋ.

ಮಂಗಲಕ್ಕೆ ನಾನು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬಸ್ಸಿನಲ್ಲಿ ಹೋದೆ. ಶಾಲೆ ಇದ್ದದ್ದು ಊರ ಹೊರಗೆ, ಆ ಓಣಿಗೆ ನಾನು ಕಾಲಿಟ್ಟದ್ದು ಅಂದೇ ಮೊದಲು. ಕಾಕಾ ಬಂದು ನನ್ನ ದನಿ ಮೈಕಿನಲ್ಲಿದ್ದಷ್ಟು ದಪ್ಪ ಇಲ್ಲವಲ್ಲ ಎಂದು ಬೇಸರಪಟ್ಟ. ಹುಡುಗಿ ದೊಡ್ಡ ಪಾತೇಲಿಯಿಂದ ಮನೆಮನೆಯ ಡಬ್ಬಿಗಳಿಗೆ ಹುಗ್ಗಿ ಬಡಿಸುತ್ತಿದ್ದಳು. ಅಪ್ಪ ಅವಳ ಹಿಂದೆ ತುಪ್ಪದ ತಂಬಿಗೆ ಹಿಡಿದು ನಡೆದಿದ್ದ.

ಅಜ್ಜಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ನನಗೆ ಮನಸ್ಸು ತಡೆಯಲಿಲ್ಲ. ಹತ್ತಿರ ಹೋಗಿ, “ಆಯಿ, ತಪ್ಪ ತಿಳೀಬ್ಯಾಡ್ರಿ. ಅದು ಪುರಾಣ ಅಲ್ರಿ, ಬರೇ ಸಾಲಿ ಪಾಠ,” ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನನ್ನ ಏನ್ ಹುಚ್ಚಿ ಅಂತ ತಿಳದೀರೇನ? ಯಾವ ಪುರಾಣದಾಗ ರೈಲ್ವೆ ಬರತೈತ್ರಿ?”

ನಾನು ಅಲ್ಲೇ ಅವಳ ಪಕ್ಕದಲ್ಲಿ ಕೂತೆ.

“ನಾ ಬ್ಯಾಡ ಅಂದ್ರ ಮಗಾ ಕೇಳ್ತಿದ್ನೇನು? ಮಗಳು ಕೇಳ್ತಿದ್ಲೇನು? ಅದಕ್ಕ ದೇವರ ಹೆಸರ ಹೇಳಿದ್ನಿ,” ಎಂದಳು. ಬಾಗಿಲಾಚೆ ಹುಗ್ಗಿ ಬಡಿಸುತ್ತಿದ್ದ ಮೊಮ್ಮಗಳನ್ನು ಸ್ವಲ್ಪ ಹೊತ್ತು ನೋಡಿದಳು. “ನಾನೂ ಈ ಊರಿಗೆ ಅತ್ತಿ ಮಗಳ ಬಾಣಂತನಕ್ಕಂತ ಬಂದಾಕಿರಿ ಅಕ್ಕೋರ. ಏಳನೇತ್ತೆ ಓದಾಕತ್ತಿದ್ನಿ. ಎರಡ ತಿಂಗಳಿಗೆ ತಿರಗಿ ಕಳಸ್ತೇವಿ ಅಂದಿದ್ರು.”

ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು:

“ಇನ್ನೂ ಕಳಿಸಿಲ್ಲ ನೋಡ್ರಿ.”