ಹೆಪ್ಪು ಕೇಳದ ಮನೆ

ಇವತ್ತು ಬೆಳಿಗ್ಗೆ ಮೊಸರಿನ ಪಾತ್ರೆಯ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಕೂತಿತ್ತು. ಚಳಿಗಾಲದಲ್ಲಿ ನಮ್ಮ ಹೊಳಲ್ಕೆರೆಯ ಹಾಲು ಹೀಗೆ ಒಮ್ಮೊಮ್ಮೆ ಮುನಿಸಿಕೊಳ್ಳುತ್ತದೆ. ಮೂಗಿನ ಹತ್ತಿರ ಹಿಡಿದೆ. ಹುಳಿಯೂ ಅಲ್ಲ, ಸಿಹಿಯೂ ಅಲ್ಲ, ಸರಿಯಾಗಿ ಒಣಗದ ಬಟ್ಟೆಯಂಥ ವಾಸನೆ. ಮನೆಯಲ್ಲಿದ್ದ ಕೊನೆಯ ಚಮಚ ಮೊಸರನ್ನು ರಾತ್ರಿ ಅದಕ್ಕೇ ಹಾಕಿದ್ದೆ.

“ಗೌರಕ್ಕನ ಮನೇಲಿ ಒಂದಿಷ್ಟು ಹೆಪ್ಪು ಇಸ್ಕಂಡು ಬಾರೆ,” ಎಂದರು ನಮ್ಮವರು, ಪೇಪರಿನಿಂದ ತಲೆ ಎತ್ತದೆ.

ಬಟ್ಟಲು ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತೆ. ಗೌರಮ್ಮನ ಮನೆಗೆ ಹೋಗಬೇಕಾದರೆ ನಡುವಿನ ಹಂಚಿನ ಮನೆಯನ್ನು ದಾಟಬೇಕು. ಅದರ ಬಾಗಿಲಿಗೆ ಹದಿನೈದಡಿ. ನೀವೂ ನನ್ನ ಜೊತೆ ಸ್ವಲ್ಪ ನಿಲ್ಲಿ, ಯಾಕೆ ನಿಂತೆ ಅಂತ ಹೇಳುತ್ತೇನೆ.

ನಾನು ಬಟ್ಟೆ ಹೊಲಿಯುವವಳು. ಕಿಟಕಿಯ ಪಕ್ಕ ಮಿಷನ್ನು; ದಿನವಿಡೀ ಓಣಿ ನನ್ನ ಕಣ್ಣೆದುರಿಗೇ ಇರುತ್ತದೆ. ಯಾರ ಮನೆಗೆ ಯಾರು ಹೋದರು ಎಂಬುದು ಬೇಡವೆಂದರೂ ಗೊತ್ತಾಗುತ್ತದೆ. ನಮ್ಮವರು ಇದನ್ನು ಚಾಡಿಬುದ್ಧಿ ಅನ್ನುತ್ತಾರೆ. ನಾನು ಕಸುಬಿನ ಅನಿವಾರ್ಯ ಅಂದುಕೊಂಡಿದ್ದೇನೆ. ಆ ಕಿಟಕಿಗೇ ಒಂದು ಚಳಿಗಾಲ ಪೇಮಾ ಬಂದಳು, ಜಿಪ್ಪು ಕಿತ್ತ ಜಾಕೆಟ್ಟುಗಳ ರಾಶಿ ಹೊತ್ತು. ಟಿಬೆಟ್ಟಿನವಳು. ಹುಟ್ಟಿ ಬೆಳೆದದ್ದು ಮುಂಡಗೋಡದ ನಿರಾಶ್ರಿತರ ಕ್ಯಾಂಪಿನಲ್ಲಿ. ವರ್ಷವರ್ಷ ಚಿತ್ರದುರ್ಗದಲ್ಲಿ ಸ್ವೆಟರ್ ಅಂಗಡಿ ಹಾಕಿ, ಉಳಿದ ಮಾಲನ್ನು ನಮ್ಮೂರ ಬಸ್ ನಿಲ್ದಾಣದ ಪಕ್ಕ ಹರಡುತ್ತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ವಿಧವೆ. ನನ್ನನ್ನು “ಅಕ್ಕಾರ” ಅನ್ನುತ್ತಿದ್ದಳು. ಆ ಹುಬ್ಬಳ್ಳಿ ಕಡೆಯ ಮಾತು ಕೇಳಿದರೆ ಮುಖ ನೋಡುವ ಮೊದಲೇ ನಗು ಬರುತ್ತಿತ್ತು.

ಒಂದು ದಿನ ಅವಳು ಹೇಳಿದಳು: “ಅಕ್ಕಾರ, ವರ್ಷಾ ವರ್ಷಾ ಅವ್ವನ್ನ ಬಿಟ್ಟು ಬಂದು ಬಂದು ಸಾಕಾತ್ರಿ. ಇಲ್ಲೇ ಒಂದು ಮನಿ ನೋಡ್ರಿ. ವರ್ಷಪೂರ್ತಿ ಅಂಗಡಿ ಇಡ್ತೀನಿ. ಅವ್ವ ಸಣ್ಣಾಕಿ ಇದ್ದಾಗಿಂದ ಗಂಟು ಕಟ್ಟೋದ, ಬಿಚ್ಚೋದ. ಇದ ಕಡೀ ಮನಿ, ಮತ್ತ ನಿನ್ನ ಎಬ್ಬಸಂಗಿಲ್ಲ ಅಂತ ಮಾತು ಕೊಟ್ಟೀನಿ.”

ಮನೆ ಹುಡುಕುವುದು ಸುಲಭವಾಗಲಿಲ್ಲ. ಪೇಟೆ ಬೀದಿಯ ಒಬ್ಬ ಯಜಮಾನರು ಅವಳನ್ನು ಮೇಲಿಂದ ಕೆಳಗೆ ನೋಡಿ ನನ್ನನ್ನು ಕೇಳಿದರು: “ನೇಪಾಳದವ್ರೇನಮ್ಮ?”

“ಅಲ್ಲ, ಟಿಬೆಟ್.”

“ಅದು ಯಾವ ಜಿಲ್ಲೆಗೆ ಬರ್ತೈತೆ?”

ಪೇಮಾ ಗಂಭೀರವಾಗಿ, “ನಂದು ಉತ್ತರ ಕನ್ನಡ ಜಿಲ್ಲಾ ರೀ,” ಎಂದಳು. ಹೊರಗೆ ಬಂದು ಇಬ್ಬರೂ ನಕ್ಕೆವು. ಮನೆ ಸಿಗಲಿಲ್ಲ. ಇನ್ನೊಬ್ಬರು ಅಡುಗೆಯ ವಿಷಯ ಕೇಳಿದರು, ಮತ್ತೊಬ್ಬರು ಏನೂ ಕೇಳದೆ ಮನೆ ನಿನ್ನೆಯೇ ಹೋಯಿತು ಎಂದರು. ಕೊನೆಗೆ ನಮ್ಮ ಓಣಿಯ ಗೌರಮ್ಮನೇ, “ಎಲ್ಡು ಹೆಣ್ಣುಜೀವ, ಎಲ್ಲಿಗೆ ಹೋಗ್ತಾವೆ, ಇರ್ಲಿ ಬಿಡೇ,” ಎಂದು ತನ್ನ ಹಂಚಿನ ಮನೆಯ ಬೀಗದ ಕೈ ಕೊಟ್ಟಳು.

ಚಿಕ್ಕಜಾಜೂರಿನಲ್ಲಿ ರೈಲು ಇಳಿದ ಪೇಮಾಳ ಅವ್ವನನ್ನು ಕರೆತರಲು ಗೌರಮ್ಮ, ನಾನು ಇಬ್ಬರೂ ಹೋಗಿದ್ದೆವು. ಅಂದಿನಿಂದ ಓಣಿಗೆಲ್ಲ ಆಕೆ ಅಜ್ಜಿ. ಸಣ್ಣ ದೇಹ, ಎರಡು ಜಡೆ, ಕೈಯಲ್ಲಿ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆ. ಅದರಲ್ಲಿ ಮೊಸರು. ಹೊಸ ಮನೆಯಲ್ಲಿ ಉಕ್ಕಿಸಿದ ಹಾಲಿಗೇ ಅಜ್ಜಿ ತನ್ನ ಕುಡಿಕೆಯಿಂದ ಹೆಪ್ಪು ಹಾಕಿ, “ನಾಳೆ ಎಲ್ಲಾರಿಗೂ ಮಜ್ಜಿಗಿ ಕೊಡ್ತೀನ್ರಿ,” ಎಂದಿತು. “ಅಯ್ಯೋ, ನೀವು ಸುಮ್ನೆ ಕುಂತ್ಕಳ್ರಿ ಅಜ್ಜಿ,” ಎಂದಳು ಗೌರಮ್ಮ. ಮರುದಿನ ಗೌರಮ್ಮನೇ ತಂಬಿಗೆ ತುಂಬ ಮಜ್ಜಿಗೆ ಮಾಡಿಕೊಂಡು ಅವರ ಮನೆಗೆ ಕೊಟ್ಟು ಬಂದಳು.

ಓಣಿ ಅವರನ್ನು ಹೇಗೆ ನೋಡಿಕೊಂಡಿತು ಎಂದು ನೀವು ಕೇಳಿದರೆ ನಾನು ಧೈರ್ಯವಾಗಿ ಹೇಳಬಲ್ಲೆ, ಯಾರೂ ಒಂದು ಒರಟು ಮಾತು ಆಡಲಿಲ್ಲ. ಹಬ್ಬಕ್ಕೆ ಹೋಳಿಗೆ ಮೊದಲು ಆ ಮನೆಗೆ. ಸೀಮಂತ, ನಾಮಕರಣ ಎಲ್ಲಕ್ಕೂ ಕರೆ. ನಾವೆಲ್ಲ ಚಾಪೆಯ ಮೇಲೆ ಕೂತರೆ ಅವರಿಬ್ಬರಿಗೆ ಕುರ್ಚಿ. ಹೋಳಿಗೆ ತಟ್ಟಲು ಪೇಮಾ ತೋಳು ಮಡಚಿದರೆ ನಾಲ್ಕು ಜನ ಒಟ್ಟಿಗೇ, “ನಿಮಗ್ಯಾಕೆ ಕಷ್ಟ? ಕುಂತ್ಕಳ್ರಿ!” ತಿಂಡಿ ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂದು ಅವಳು ಏನಾದರೂ ಹಾಕಲು ಹೋದರೆ, “ಬರೇ ಪಾತ್ರೆ ಕೊಡ್ರಿ, ಸಾಕು,” ಅನ್ನುತ್ತಿದ್ದೆವು. ನಾವು ಎಂದರೆ ನಾನೂ.

ಹೆಪ್ಪಿನ ವಿಷಯ ಇಲ್ಲಿ ಹೇಳಬೇಕು. ನಮ್ಮ ಓಣಿಯಲ್ಲಿ ಹೆಪ್ಪು ಕೇಳಲು ಯಾರೂ ನಾಚುವುದಿಲ್ಲ. ದೀಪ ಹಚ್ಚಿದ ಮೇಲೆ ಕೊಡುವುದಿಲ್ಲ ಎಂಬುದೊಂದು ಬಿಟ್ಟರೆ ಅದಕ್ಕೆ ಲೆಕ್ಕವಿಲ್ಲ, ವಾಪಸ್ಸೂ ಇಲ್ಲ. ಜಗಳವಾಡಿ ಮಾತು ಬಿಟ್ಟವರು ಕೂಡ ಬಟ್ಟಲು ಹಿಡಿದು ಬಂದು, ಮುಖ ಅತ್ತ ತಿರುಗಿಸಿ, “ಒಂಚೂರು ಹೆಪ್ಪು,” ಅನ್ನುತ್ತಾರೆ. ಅಲ್ಲಿಗೆ ಜಗಳ ಅರ್ಧ ಮುಗಿದಂತೆ. ಯಾರ ಮನೆಯ ಮೊಸರು ಯಾರ ಮನೆಯಿಂದ ಬಂದದ್ದು ಎಂದು ಹುಡುಕುತ್ತಾ ಹೋದರೆ ಓಣಿಯನ್ನು ಸುತ್ತಿ ಮತ್ತೆ ನಿಮ್ಮ ಅಡುಗೆಮನೆಗೇ ಬರುತ್ತೀರಿ.

ಒಂದು ಬೆಳಿಗ್ಗೆ ಗೌರಮ್ಮನ ಮೊಸರನ್ನು ಬೆಕ್ಕು ಕೆಡವಿತು. ಅವಳು ಬಟ್ಟಲು ಹಿಡಿದು ನಮ್ಮ ಮನೆಯ ಕಡೆ ಬರುವುದು ಕಿಟಕಿಯಿಂದ ಕಾಣುತ್ತಿತ್ತು. ನಡುವೆ ಮೆಟ್ಟಿಲ ಮೇಲೆ ಅಜ್ಜಿ ಬಿಸಿಲಿಗೆ ಮೈ ಕಾಯಿಸುತ್ತಿತ್ತು.

“ಏನ್ ಬೇಕಿತ್ರೀ ಗೌರವ್ವಾರ?”

“ಒಂಚೂರು ಹೆಪ್ಪು, ಅಜ್ಜಿ.”

“ನಮ್ಮನ್ಯಾಗ ಐತಲ್ರೀ! ಕಲ್ಲಿನಂಥಾ ಮೊಸರು!” ಅಜ್ಜಿ ಗೋಡೆ ಹಿಡಿದು ಏಳತೊಡಗಿತ್ತು.

“ನೀವು ಏಳಬ್ಯಾಡ್ರಿ ಅಜ್ಜಿ, ನಿಮಗ್ಯಾಕೆ ತೊಂದ್ರೆ,” ಎಂದು ಗೌರಮ್ಮ ಪ್ರೀತಿಯಿಂದಲೇ ಅದರ ಭುಜ ಮುಟ್ಟಿ ಕೂರಿಸಿ ನಮ್ಮ ಮನೆಗೆ ಬಂದಳು. ನಾನು ಕೊಟ್ಟೆ. ನನಗೂ ಏನೂ ಅನ್ನಿಸಲಿಲ್ಲ. ಆ ಕೂರಿಸುವಿಕೆಯಲ್ಲಿ ಮರ್ಯಾದೆ ಎಷ್ಟು, ಮಡಿ ಎಷ್ಟು ಎಂದು ಇವತ್ತಿಗೂ ನಾನು ತೂಗಿ ಹೇಳಲಾರೆ. ಗೌರಮ್ಮನೂ ಹೇಳಲಾರಳು.

ಅವರ ಮನೆಯ ಮೂಲೆಯಲ್ಲಿ ಸಾಮಾನಿನ ಒಂದು ಗಂಟು, ಅವರು ಬಂದ ದಿನ ಇದ್ದಂತೆಯೇ ಇತ್ತು. “ಇದನ್ಯಾಕೆ ಬಿಚ್ಚಿಲ್ಲ?” ಎಂದರೆ ಅಜ್ಜಿ, “ಬಿಚ್ಚೂಣಂತ್ರಿ, ಏನ್ ಅವಸರ,” ಎಂದು ನಗುತ್ತಿತ್ತು. ವರ್ಷಗಳು ಹೋದವು. ಪೇಮಾಳ ಅಂಗಡಿ ಚೆನ್ನಾಗಿಯೇ ನಡೆಯಿತು. ಗಂಟು ಅಲ್ಲೇ ಇತ್ತು.

ಆಮೇಲೊಂದು ದಿನ ಪೇಮಾ ಗಟ್ಟಿ ಬಟ್ಟೆ ತಂದು ನನ್ನ ಮಿಷನ್ನಿನ ಮೇಲಿಟ್ಟಳು. “ಅಕ್ಕಾರ, ನಾಕು ದೊಡ್ಡ ಚೀಲ ಹೊಲಿದು ಕೊಡ್ರಿ.”

“ಮಾಲಿಗಾ?”

“ಮನೀ ಸಾಮಾನಿಗೆ. ಅವ್ವ ಹೋಗೂಣು ಅಂತಾಳ.”

“ಯಾರೇನಂದ್ರೇ ಪೇಮಾ? ಹೇಳು.”

“ಯಾರೂ ಏನೂ ಅನ್ನಲಿಲ್ರಿ,” ಎಂದಳು. ಅವಳ ಕಣ್ಣು ತುಂಬಿತ್ತು. “ಆಕೀಗೆ ಕೊಟ್ಟ ಮಾತು ನನ್ನ ಕೈಲೆ ಉಳಸಾಕ ಆಗಲಿಲ್ಲ.”

ಸುದ್ದಿ ಕೇಳಿ ಗೌರಮ್ಮ ಓಡಿ ಬಂದಳು. ನಾನೂ ಅವಳ ಹಿಂದೆ ಹೋದೆ. “ನಾನೇನು ಕಡಿಮೆ ಮಾಡಿದ್ನಜ್ಜಿ? ಬಾಯಿಬಿಟ್ಟು ಹೇಳ್ರಿ!”

ಅಜ್ಜಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಿತು. “ಏನೂ ಕಡಿಮಿ ಮಾಡಲಿಲ್ಲ ತಂಗಿ. ನಾ ಸಣ್ಣಾಕಿ ಇದ್ದಾಗ ಮುಂಡಗೋಡದ ಕಾಡಿನ್ಯಾಗ ಗುಡಾರ ಹಾಕಿದ್ವಿ. ಸನೇದ ಹಳ್ಳಿಯ ಒಬ್ಬಾಕಿ ನಮಗ ಹೆಪ್ಪು ಕೊಟ್ಟಳು. ನಮ್ಮವ್ವ ಮೊಸರು ಮಾಡಿದಳು, ಆದ್ರ ಗಂಟು ಬಿಚ್ಚಲಿಲ್ಲ. ಮುಂದ ಒಂದಿನ ಆಕೀನ ಓಡಿ ಬಂದು, ನಮ್ಮ ಮೊಸರು ಕೆಟ್ಟೈತಿ, ನಿಮ್ಮಲ್ಲಿ ಹೆಪ್ಪು ಐತೇನು ಅಂದಳು. ಅವತ್ತ ನಮ್ಮವ್ವ ಗಂಟು ಬಿಚ್ಚಿದಳು ನೋಡು.” ಗೌರಮ್ಮನ ಕೈ ಬಿಡದೆ ಹೇಳಿತು: “ಇಲ್ಲಿ ನಮ್ಮನ್ನ ನೆಂಟರ ಹಂಗ ನೋಡ್ಕೊಂಡ್ರಿ. ನೆಂಟರು ಎಷ್ಟ ದಿನ ಕುಂಡರಬೇಕು, ಹೇಳು?”

ಗೌರಮ್ಮ ಎದ್ದು ಹೋದಳು. ಒಂದು ನಿಮಿಷದಲ್ಲಿ ವಾಪಸ್ಸು ಬಂದಳು, ಕೈಯಲ್ಲಿ ಬಟ್ಟಲು. “ಅಜ್ಜಿ, ಹೆಪ್ಪು ಕೊಡ್ರಿ.”

ಅಜ್ಜಿ ಅಡುಗೆಮನೆಯ ಕಡೆ ನೋಡಿತು. ಕುಡಿಕೆಯನ್ನು ತೊಳೆದು ಬೋರಲು ಹಾಕಿಯಾಗಿತ್ತು. “ನಿನ್ನೀನ ತೊಳದ್ವಿ, ತಂಗಿ.”

ಚೀಲಗಳನ್ನು ನಾನೇ ಹೊಲಿದೆ. ಇಮ್ಮಡಿ ಹೊಲಿಗೆ ಹಾಕಿದೆ. ಗಟ್ಟಿಯಾಗಿ ಹೊಲಿಯುವುದು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ. ಚಿಕ್ಕಜಾಜೂರಿನ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಓಣಿ ಇತ್ತು. ಚಿತ್ರಾನ್ನ, ಕೋಡುಬಳೆ, ಚಕ್ಕುಲಿ. ಅಲ್ಲಿಯೂ ಕೊಟ್ಟೆವು. ಕ್ಯಾಂಪಿನ ಮನೆಯನ್ನು ಬರುವಾಗಲೇ ಸಂಬಂಧಿಕರಿಗೆ ಬಿಟ್ಟುಕೊಟ್ಟಿದ್ದರಂತೆ. ಅಲ್ಲಿಯೂ ಅವರು ಒಂದು ಕೋಣೆಯ ನೆಂಟರಾದರು. ಮರುವರ್ಷ ಚಳಿಗಾಲದಲ್ಲಿ ಪೇಮಾ ಒಬ್ಬಳೇ ಚಿತ್ರದುರ್ಗಕ್ಕೆ ಬಂದಾಗ ಅಜ್ಜಿ ತೀರಿಕೊಂಡದ್ದು ತಿಳಿಯಿತು. ನಾನು ಕೇಳಬಾರದಿತ್ತು, ಕೇಳಿದೆ. ಗಂಟು ಬಿಚ್ಚಿರಲಿಲ್ಲ.

ಈಗ ಅದೇ ಹಂಚಿನ ಮನೆಯಲ್ಲಿ ಒಬ್ಬ ಹುಡುಗಿ, ಅವಳ ಗಂಡ ಇದ್ದಾರೆ. ಈಶಾನ್ಯದ ಕಡೆಯವರು, ಊರಲ್ಲಿ ಗಲಭೆಯಾಗಿ ಮನೆ ಸುಟ್ಟುಹೋದ ಮೇಲೆ ಹೊರಟವರು. ಅವಳು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್; ರೋಗಿಗಳಿಂದ ಆಗಲೇ ಅಷ್ಟಿಷ್ಟು ಕನ್ನಡ ಕಲಿತಿದ್ದಾಳೆ. ಬಂದು ಎರಡು ತಿಂಗಳಾಯಿತು. ಹೋಳಿಗೆ ಕಳಿಸಿದ್ದೇವೆ.

ಬಟ್ಟಲು ಹಿಡಿದು ಇಷ್ಟು ಹೊತ್ತು ನಿಂತಿದ್ದವಳು ಹದಿನೈದಡಿ ನಡೆದು ಆ ಬಾಗಿಲು ತಟ್ಟಿದೆ. ಆ ಹುಡುಗಿಯೇ ತೆರೆದಳು. ರಾತ್ರಿ ಪಾಳಿ ಮುಗಿಸಿ ಬಂದ ಮುಖ, ಗಾಬರಿ. “ಏನು ಆಂಟಿ? ಯಾರಿಗೆ ಹುಷಾರಿಲ್ಲ?”

“ಎಲ್ಲಾ ಹುಷಾರಾಗೇ ಅವ್ರೆ. ಒಂಚೂರು ಹೆಪ್ಪು ಬೇಕಿತ್ತು. ಮೊಸರು.”

“ಮೊಸರು ನಾವು ತಿನ್ನಲ್ಲ ಆಂಟಿ. ಇಲ್ಲ.” ಅವಳ ಮುಖ ಸಣ್ಣದಾಯಿತು. ನಾನು ಹೊರಡಬಹುದಿತ್ತು. ಹೊರಡಲಿಲ್ಲ.

“ಮತ್ತೇನೈತೆ?” ಎಂದೆ.

ಅವಳು ಒಳಗೆ ಓಡಿದಳು. ಡಬ್ಬಿಗಳ ಸದ್ದಾಯಿತು, ಏನೋ ಬಿತ್ತು. ಬಂದಾಗ ಮುಷ್ಟಿ ತುಂಬ ಹಸಿಮೆಣಸಿನಕಾಯಿ. ಬಟ್ಟಲಿಗೆ ಸುರಿದು, “ಇದು ತುಂಬಾ ಖಾರ. ಸಾಕಾ? ಇನ್ನೂ ಇದೆ,” ಎಂದಳು.

“ಸಾಕು. ಬೇಕಾದ್ರೆ ಮತ್ತೆ ಬರ್ತೀನಿ,” ಎಂದೆ.

ಹೆಪ್ಪಿಲ್ಲದಾಗ ಮೆಣಸಿನಕಾಯಿಯನ್ನು ತೊಟ್ಟು ಸಮೇತ ಹಾಲಿಗೆ ಹಾಕಿದರೆ ಮೊಸರಾಗುತ್ತದೆ ಅಂತ ನಮ್ಮ ತಾಯಿ ಹೇಳುತ್ತಿದ್ದರು. ನಾನು ಮಾಡಿ ನೋಡಿದವಳಲ್ಲ. ಬೇರೆ ಹಾಲು ಬೆಚ್ಚಗೆ ಮಾಡಿ, ಕಾಯಿ ಹಾಕಿ, ಪಾತ್ರೆಗೆ ಒಂದು ಹಳೆಯ ಸ್ವೆಟರ್ ಸುತ್ತಿ ಒಲೆಯ ಪಕ್ಕ ಇಟ್ಟಿದ್ದೇನೆ. ನಮ್ಮವರು ಎರಡು ಸಲ ಬಂದು ಕೇಳಿದರು, ಮೊಸರಾಯಿತಾ ಅಂತ. ಮುಚ್ಚಳ ತೆಗೆಯಬೇಡಿ ಎಂದಿದ್ದೇನೆ.