ಗಂಟಲಿನ ಗಂಟು, ವಕೀಲಮ್ಮನ ಕೊಠಡಿ

ಬೆಳಕು ಹರಿಯುವ ಹೊತ್ತಿಗೆ ಆಸ್ಪತ್ರೆಯ ಕೊನೆಯ ಕೊಠಡಿಯ ಬೀಗ ತೆಗೆಯುವ ಸಿಸ್ಟರ್, ಮೊದಲು ತಮ್ಮದೇ ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ಆಮೇಲೆ ಒಂದು ಗಂಟೆ ಚಹಾ ಇಲ್ಲ. ಅಷ್ಟರಲ್ಲಿ ಕುರ್ಚಿಗಳನ್ನು ಒರೆಸಿ ಎದುರುಬದುರಾಗಿ ಇಡುತ್ತಾರೆ. ಕತ್ತಿನಲ್ಲಿ ಗಂಟು ಕಾಣಿಸಿಕೊಂಡವರಿಗೆ ಡಾಕ್ಟರ ಮಾತನ್ನು ಬಿಡಿಸಿ ಹೇಳುವುದು ಇವರ ಕೆಲಸ. ದಿನಕ್ಕೆ ಐದಾರು ಕುಟುಂಬ. ವಾರ್ಡಿನವರು ಇಟ್ಟ ಹೆಸರು ‘ವಕೀಲಮ್ಮ’.

ಇಂದು ಮೊದಲು ಬಂದವರು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವರು ಮತ್ತು ಅವರ ಹೆಂಡತಿ. ಗಂಟು ಗಂಡನ ಕತ್ತಿನಲ್ಲಿ. ಸೂಜಿ ಪರೀಕ್ಷೆ ಕ್ಯಾನ್ಸರ್ ಹೌದೆಂದೂ ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ. ಇವರಿಗೆ ಎರಡೂ ದಾರಿ ಆದೀತು ಎಂದಿದ್ದಾರೆ ಡಾಕ್ಟರು. ಗಂಟಿರುವ ಅರ್ಧ ಥೈರಾಯ್ಡ್ ಗ್ರಂಥಿ ತೆಗೆದರೆ ಅನೇಕರಿಗೆ ಮಾತ್ರೆಯ ಹಂಗಿಲ್ಲ. ಆದರೆ ತೆಗೆದದ್ದರಲ್ಲಿ ಕ್ಯಾನ್ಸರ್ ಕಂಡರೆ ಮತ್ತೊಂದು ಆಪರೇಷನ್ ಬೇಕಾಗಬಹುದು. ಪೂರ್ತಿ ತೆಗೆದರೆ ಆ ಭಯ ಕಡಿಮೆ. ಮಾತ್ರೆ ಜೀವನಪೂರ್ತಿ, ದನಿಯ ನರಗಳಿಗೆ ಅಪಾಯವೂ ಹೆಚ್ಚು.

“ಎಲ್ಲಾ ಕಿತ್ತುಬಿಡಿ ಸಿಸ್ಟರ್, ಪೀಡೆ ತೊಲಗಲಿ,” ಎನ್ನುತ್ತಾರೆ ಗಂಡ.

“ದನಿ ಹೋದ್ರೆ ಮಾರ್ಕೆಟ್‌ನಲ್ಲಿ ಕೈಸನ್ನೆ ಮಾಡ್ತೀರಾ?” ಹೆಂಡತಿ ತಿರುಗಿ ಬೀಳುತ್ತಾರೆ. “ಅರ್ಧ ಸಾಕು.”

“ಈಗ ಕುರ್ಚಿ ಬದಲಾಯಿಸಿ,” ಎನ್ನುತ್ತಾರೆ ಸಿಸ್ಟರ್. “ಅವರ ವಾದ ನೀವು ಮಾಡಿ, ನಿಮ್ಮದು ಅವರು.” ಈ ಕೊಠಡಿಯ ಕಟ್ಟಳೆಯೇ ಇದು.

ಗಂಡ ಗಂಟಲು ಸರಿಮಾಡಿಕೊಳ್ಳುತ್ತಾರೆ. “ಅರ್ಧ ಗ್ರಂಥಿ, ತಾಜಾ ಗ್ರಂಥಿ, ಇಟ್ಕೊಂಡೋರಿಗೆ ದನಿ ಭದ್ರ!”

“ನಾನು ಹಿಂಗಾ ಮಾತಾಡೋದು?” ನಗುತ್ತಲೇ ಹೆಂಡತಿ ಶುರುಮಾಡುತ್ತಾರೆ. “ಪೂರ್ತಿ ತೆಗೆಸಿದ್ರೆ ಒಂದೇ ಸಲಕ್ಕೆ ಮುಗಿಯುತ್ತೆ. ಇವಳು ಇನ್ನೊಂದ್ಸಲ ಆಪರೇಷನ್ ಕೋಣೆ ಹೊರಗೆ ಕಾಯೋದು…” ಅಲ್ಲಿಗೆ ಮಾತು ನಿಲ್ಲುತ್ತದೆ. “ಅದಕ್ಕೇನ್ರೀ ನೀವು ಹಟ ಹಿಡಿದಿದ್ದು?”

ಗಂಡ ಚಪ್ಪಲಿ ನೋಡಿಕೊಳ್ಳುತ್ತಾರೆ.

“ಕಾಯ್ತೀನಿ ಬಿಡಿ. ನಿಮ್ಮ ಹರಾಜು ಮುಗಿಯೋಕೆ ದಿನಾ ಕಾಯಲ್ವಾ?”

ಗಂಡ ಬಾಯಿಬಿಟ್ಟು ಹೇಳುತ್ತಾರೆ: ಅರ್ಧ. ಏಳುವ ಮುಂಚೆ ಒಂದು ಪ್ರಶ್ನೆ: “ನೀವಾಗಿದ್ರೆ ಏನ್ಮಾಡ್ತಿದ್ರಿ?”

“ಚಹಾ ಕುಡೀತಿದ್ದೆ. ಒಂದು ಗಂಟೆ ಆಯ್ತು ನೋಡಿ.”

ಸಿಸ್ಟರ್ ಕತ್ತಿನಲ್ಲಿ ಮಾಸಿದ ಗೆರೆಯೊಂದಿದೆ. ಇಪ್ಪತ್ತರ ವಯಸ್ಸಿನಲ್ಲಿ, ಪೂರ್ತಿ ತೆಗೆಸುವುದೆಂದು ಸೋದರಮಾವಂದಿರು ವರಾಂಡದಲ್ಲೇ ತೀರ್ಮಾನಿಸಿದ್ದರಂತೆ. “ಅವರು ಮಾಡಿದ್ದು ತಪ್ಪು ಅಂತಲ್ಲ. ಕತ್ತು ನನ್ನದು, ನನ್ನನ್ನೇ ಕೇಳ್ಲಿಲ್ಲ.”

ಹರಾಜಿನವರ ಗಂಟು ಏನೆಂಬುದು ಆಪರೇಷನ್ ಆದ ಮೇಲಷ್ಟೇ ತಿಳಿಯುತ್ತದೆ. ಸಿಸ್ಟರ್ ಲೋಟ ಎತ್ತಿಕೊಳ್ಳುತ್ತಾರೆ. “ರಿಪೋರ್ಟ್ ಏನೇ ಬರಲಿ, ಆರಿಸಿದ್ದು ಅವರಿಬ್ಬರೇ. ಅಷ್ಟಾದ್ರೆ ನನ್ನ ಚಹಾ ರುಚಿಸುತ್ತೆ.”